ಮೂರು ಸಲ ಬೇಡ ಅನ್ನಬೇಕು

ಕಳೆದ ವಾರ ಚನ್ನಪಟ್ಟಣಕ್ಕೆ ಹೋಗಿದ್ದೆ. ಅಣ್ಣನಿಗೆ ಒಂದು ತಿಂಗಳ ಮಾತ್ರೆ ಕೊಟ್ಟು ಬರುವುದು ಈಗಲೂ ನನ್ನ ಪಾಲಿನ ಕೆಲಸ. ಹೆದ್ದಾರಿಯ ಆಟಿಕೆ ಅಂಗಡಿಗಳನ್ನು ದಾಟಿ ಒಳಗಿನ ಬೀದಿಗೆ ತಿರುಗಿದರೆ ಸಾಕು, ಬಿಸಿ ಅರಗಿನ ವಾಸನೆ ಬರುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಏಳುವ ವಾಸನೆ ಅದು, ಸ್ವಲ್ಪ ಸುಟ್ಟ ಬೆಲ್ಲದ್ದು, ಸ್ವಲ್ಪ ಹಸಿ ಮರದ್ದು. ಅಣ್ಣ ಕೂತು ಗಿಲಕಿಯೊಂದಕ್ಕೆ ಹಳದಿ ಹಿಡಿಸುತ್ತಿದ್ದ. ತಲೆ ಎತ್ತಿ ನೋಡಿ, "ಟೀ ಬೇಕಾ?" ಅಂದ. "ಬೇಡ ಬುಡಣ್ಣ" ಅಂದೆ. ಸರಿ ಎಂದು ಎದ್ದು ಹೋಗಿ, ಒಂದೇ ಒಂದು ಲೋಟ ಟೀ ತಂದು, ನನ್ನ ಎದುರೇ ಕೂತು ಸೊರ ಸೊರ ಕುಡಿಯತೊಡಗಿದ.

ನನಗೆ ನಗು ಬಂತು. ಎರಡು ಬಸ್ಸು ಬದಲಿಸಿ ಬಂದಿದ್ದೆ, ಗಂಟಲು ಒಣಗಿತ್ತು, ಟೀ ಬೇಕೇ ಬೇಕಿತ್ತು. ನಮ್ಮ ಕಡೆ ಬೇಡ ಅಂದವರನ್ನು ಇನ್ನೊಮ್ಮೆ ಕೇಳುವುದು ಪದ್ಧತಿ. ಒಂದೇ ಸಲಕ್ಕೆ ಹೂಂ ಅಂದರೆ ಕೇಳಿದವರಿಗೂ ಮುಜುಗರ, ಅಂದವರಿಗೂ ನಾಚಿಕೆ. ಇದನ್ನೆಲ್ಲ ಅಣ್ಣನಿಗೆ ಕಲಿಸಲು ಹೋಗಿ ನಾನು ಸರಿಯಾಗಿ ಪೆಟ್ಟು ತಿಂದ ವರ್ಷವೊಂದಿದೆ. ಅರಗಿನ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ಅದೇ ನೆನಪಾಗುತ್ತದೆ.

ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ಆಗುತ್ತದಂತೆ ಎಂಬ ಮಾತಷ್ಟೇ ಇತ್ತು. ಬಿಡದಿಯ ಸುತ್ತ ರಾಗಿ ಹೊಲಗಳ ನಡುವೆ ತಗಡಿನ ದೊಡ್ಡ ದೊಡ್ಡ ಶೆಡ್ಡುಗಳು ಏಳುತ್ತಿದ್ದವು. ನಮ್ಮೂರು ಬೈರಾಪಟ್ಟಣದ ಹುಡುಗಿಯರೂ ಚನ್ನಪಟ್ಟಣಕ್ಕೆ ಬಂದು ಕಂಪನಿ ಬಸ್ಸು ಹತ್ತುತ್ತಿದ್ದ ಕಾಲ. ನಾನು ಕಾರಿನ ವೈರುಗಳನ್ನು ಜೋಡಿಸುವ ಕಾರ್ಖಾನೆಯೊಂದಕ್ಕೆ ಸೇರಿ ಎರಡೇ ವರ್ಷಕ್ಕೆ ಹನ್ನೆರಡು ಹುಡುಗಿಯರಿಗೆ ಲೈನ್ ಲೀಡರ್ ಆಗಿದ್ದೆ. ಯಾರು ಮನೆಯಲ್ಲಿ ಜಗಳಾಡಿ ಬಂದಿದ್ದಾರೆ, ಯಾರಿಗೆ ಹೊಟ್ಟೆನೋವು, ಇವತ್ತು ಯಾರು ತಪ್ಪು ವೈರು ಸಿಕ್ಕಿಸುತ್ತಾರೆ ಎಂದು ಬೆಳಿಗ್ಗೆ ಮುಖ ನೋಡಿದ ಕೂಡಲೇ ಹೇಳುತ್ತಿದ್ದೆ. ಆ ವಿಚಾರದಲ್ಲಿ ನನಗೆ ವಿಪರೀತ ಜಂಬ.

ನನ್ನ ಅಣ್ಣ ನಾಗರಾಜನಿಗೆ ಕೈಕೊಟ್ಟಿದ್ದು ಅದೇ ವಿದ್ಯೆ. ಐಟಿಐ ಓದುತ್ತಿದ್ದಾಗ ಅವನಿಗೆ ಕಾಯಿಲೆ ಶುರುವಾಯಿತು. ಯಾರೂ ಇಲ್ಲದ ಕಡೆ ದನಿ ಕೇಳುವುದು, ಪಕ್ಕದ ಮನೆಯವರು ಗೋಡೆಯಾಚೆ ತನ್ನ ವಿಷಯವೇ ಮಾತಾಡುತ್ತಾರೆ ಅನ್ನುವುದು, ಊಟ ಬಿಡುವುದು. ಯಂತ್ರ ಕಟ್ಟಿಸಿ, ಹರಕೆ ಹೊತ್ತು ಒಂದು ವರ್ಷ ಕಳೆದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕಿಜೋಫ್ರೇನಿಯಾ ಎಂಬ ಹೆಸರು ಕೇಳಿದ್ದು ಅಲ್ಲೇ. ಅವ್ವನ ಬಾಯಿಗೆ ಅದು ಕೊನೆಗೂ ಬರಲಿಲ್ಲ, 'ಆ ಕಾಯ್ಲೆ' ಎಂದೇ ಉಳಿಯಿತು. ಮಾತ್ರೆ ನಾಟಿತು. ದನಿಗಳು ನಿಂತವು, ನಿದ್ದೆ ಬಂತು, ಮುದ್ದೆ ಸೇರಿತು. 'ನಾಗ ಹುಷಾರಾದ' ಎಂದು ಊರವರೆಲ್ಲ ಅಂದರು, ನಾವೂ ಹಾಗೇ ಅಂದುಕೊಂಡೆವು.

ಆದರೆ ಹುಷಾರಾದ ನಾಗನಿಗೆ ಜನರ ನಡುವೆ ಓಡಾಡುವುದು ಗೊತ್ತಾಗುತ್ತಿರಲಿಲ್ಲ. ಎದುರಿನವರು ಆಕಳಿಸಿದರೂ ಹೇಳುತ್ತಿದ್ದ ಮಾತು ನಿಲ್ಲಿಸುತ್ತಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ನಕ್ಕರೆ ತನ್ನನ್ನು ನೋಡಿಯೇ ನಕ್ಕರು ಎಂದು ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ. ತಮಾಷೆಗೆ ಬೈದರೆ ನಿಜವಾಗಿ ಬೈದರು ಎಂದುಕೊಳ್ಳುತ್ತಿದ್ದ. ನಿಜವಾಗಿ ಬೈದರೆ ಏನೂ ಆಗಿಲ್ಲವೆಂಬಂತೆ ಮಾರನೇ ದಿನ ಅವರ ಮನೆಗೇ ಹೋಗುತ್ತಿದ್ದ. ಅವನ ಮುಖವೂ ಹಾಗೇ ಆಗಿತ್ತು. ಒಳಗೆ ಸಂತೋಷವಿದೆಯೋ ಸಂಕಟವಿದೆಯೋ, ಮೇಲೆ ಏನೂ ಮೂಡುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪಜೀತಿ ಊಟದ್ದು. ನಮ್ಮೂರಲ್ಲಿ ಊಟದ ಹೊತ್ತಿಗೆ ಯಾರ ಮನೆ ಮುಂದೆ ಹಾದುಹೋದರೂ 'ಬಾರಪ್ಪ, ಉಣ್ಣು ಬಾ' ಅನ್ನುತ್ತಾರೆ. ಅದು ಮರ್ಯಾದೆಯ ಮಾತು. 'ಈಗಾಯ್ತು, ನೀವುಣ್ಣಿ' ಎಂದು ಮುಂದಕ್ಕೆ ಹೋಗಬೇಕು. ಅಣ್ಣ ಹೋಗುತ್ತಿರಲಿಲ್ಲ, ಕೈ ತೊಳೆದು ಕೂತುಬಿಡುತ್ತಿದ್ದ. ಒಂದು ದಿನ ದೊಡ್ಡಪ್ಪನ ಮನೆಯಲ್ಲಿ ಸರಿಯಾಗಿ ನಾಲ್ಕೇ ಮುದ್ದೆ ಕಟ್ಟಿದ್ದರಂತೆ. ಅಣ್ಣ ಎರಡು ಉಂಡು, ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಿ ಬಂದ. ಸಂಜೆಯೇ ದೊಡ್ಡವ್ವ ನಮ್ಮ ಮನೆಗೆ ಬಂದರು.

"ನಿನ್ ಮಗನ್ಗೆ ಒಸಿ ಹೇಳ್ಕೊಡವ್ವ. ಕರದೋರ್ ಮನೇಲೆಲ್ಲ ಕುಂತ್ಕಂಬುಡ್ತಾನೆ," ಅಂದರು ಅವ್ವನಿಗೆ.

ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಣ್ಣ ಕಂಬಕ್ಕೆ ಒರಗಿ ಕೂತವನು, "ಕರದ್ರಲ್ಲ ಮತ್ತೆ? ಕರೀದೇ ನಾನೇನ್ ಹೋಗಿದ್ನಾ?" ಅಂದ. ಆ ಮಾತಲ್ಲಿ ತಪ್ಪು ಹುಡುಕಿದರೆ ನನಗೂ ಸಿಗಲಿಲ್ಲ. ಆದರೂ ಅವನ ಮೇಲೇ ರೇಗಿದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇದನ್ನು ಹೇಳಿದೆ. ಅಲ್ಲೊಬ್ಬರು ಮೇಡಮ್ಮು, ಮನೆಯವರ ಜೊತೆ ಕೂತು ಮಾತಾಡುವವರು, ಪೂರ್ತಿ ಕೇಳಿಸಿಕೊಂಡು ಅಂದರು: "ಇದು ಸೊಕ್ಕಲ್ಲಮ್ಮ, ಬೇಕೂಂತ ಮಾಡೋದೂ ಅಲ್ಲ. ದನಿಗಳು ಮಾತ್ರೆಯಿಂದ ಹೋಗ್ತವೆ. ಆದ್ರೆ ಎದುರಿಗಿರೋರ ಮನಸ್ಸಲ್ಲಿ ಏನಿದೆ ಅಂತ ಮುಖ ನೋಡಿ, ದನಿ ಕೇಳಿ ಊಹಿಸೋದಿದೆಯಲ್ಲ, ಅದು ಈ ಕಾಯಿಲೆಯಲ್ಲಿ ಕುಗ್ಗಿರುತ್ತೆ. ಅದು ಅಷ್ಟು ಸುಲಭಕ್ಕೆ ವಾಪಸ್ ಬರಲ್ಲ. ನೀವು ಹೇಳದೇ ತಿಳ್ಕೊಳ್ಳೋದನ್ನ ಅವರಿಗೆ ಬಿಡಿಸಿ ಹೇಳಬೇಕು. ಹೇಳಿದ್ರೆ ಅರ್ಥ ಮಾಡ್ಕೊತಾರೆ."

ಬಿಡಿಸಿ ಹೇಳುವುದು ತಾನೇ? ವಾಪಸ್ಸು ಬರುವ ಬಸ್ಸಿನಲ್ಲೇ ನಾನು ತೀರ್ಮಾನ ಮಾಡಿದೆ. ನಮ್ಮ ಕಾರ್ಖಾನೆಯಲ್ಲಿ ಪ್ರತಿ ಮೇಜಿನ ಮೇಲೂ ಒಂದು ಹಾಳೆ ತೂಗುಹಾಕಿರುತ್ತಾರೆ. ಮೊದಲು ಕೆಂಪು ವೈರು, ಆಮೇಲೆ ಕಪ್ಪು, ಆಮೇಲೆ ಟೇಪು. ಅದನ್ನು ನೋಡಿಕೊಂಡು ಮಾಡಿದರೆ ನಿನ್ನೆ ಸೇರಿದವಳೂ ತಪ್ಪು ಮಾಡುವುದಿಲ್ಲ. ಅಣ್ಣನಿಗೂ ಅಂಥದ್ದೊಂದು ಹಾಳೆ ಬೇಕು, ಅಷ್ಟೆ. ಆ ಬುದ್ಧಿ ನನಗೊಬ್ಬಳಿಗೇ ಹೊಳೆದದ್ದೆಂದು ಹಿಗ್ಗಿದೆ.

ಆಷಾಢದ ಗಾಳಿ ಬೀಸುತ್ತಿದ್ದ ದಿನಗಳು. ಶಿಫ್ಟು ಮುಗಿಸಿ ಬಂದು ಸಂಜೆ ಜಗಲಿಯಲ್ಲಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ನೇಮಗಳನ್ನು ಬರೆದೆ. ಮಾತಾಡುವಾಗ ಎದುರಿನವರು ಗಡಿಯಾರ ನೋಡಿದರೆ ಎದ್ದು ಬರಬೇಕು. ಹೆಂಗಸರು ನಕ್ಕರೆ ಅದು ನಿನಗಲ್ಲ. ಸಾವಿನ ಮನೆಯಲ್ಲಿ ಸುಮ್ಮನೆ ಕೂರಬೇಕು, ಊಟಕ್ಕೇನು ಎಂದು ಕೇಳಬಾರದು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ಯಾರಾದರೂ ಏನಾದರೂ ಕೊಟ್ಟರೆ, ಕರೆದರೆ, ಮೂರು ಸಲ ಬೇಡ ಅನ್ನಬೇಕು.

"ನಂಗೆ ಬೇಕೂ ಅಂದ್ರೆ?" ಕೇಳಿದ ಅಣ್ಣ.

"ಆದ್ರೂ ಬೇಡ ಅನ್ನು. ಮೊದಲ್ನೇ ಸಲಕ್ಕೇ ಹೂಂ ಅಂದ್ರೆ ಆಸೆಬುರುಕ ಅಂತಾರೆ. ನಿಜವಾಗ್ಲೂ ಕರೆಯೋರು ನಾಕ್ನೇ ಸಲ ಕರ್ದೇ ಕರೀತಾರೆ. ಆಗ ಹೂಂ ಅನ್ನು."

"ನಾಕ್ನೇ ಸಲ," ಎಂದು ಅವನು ಬೆರಳು ಮಡಿಸಿದ.

ಮುಖಗಳನ್ನೂ ಕಲಿಸಲು ನೋಡಿದೆ. ನಮ್ಮ ಲೈನಿನ ಬೋರ್ಡಿನಲ್ಲಿ ದಿನದ ಕೆಲಸ ಹೇಗಾಯಿತೆಂದು ತೋರಿಸಲು ನಗುಮುಖ, ಸಪ್ಪೆಮುಖ, ಅಳುಮುಖ ಎಂದು ದುಂಡಗೆ ಬರೆದ ಚಿತ್ರಗಳಿದ್ದವು. ಅವನ್ನೇ ಕಾರ್ಡುಗಳ ಮೇಲೆ ಬರೆದು ತೋರಿಸಿದೆ. ಒಂದೂ ತಪ್ಪಿಲ್ಲದೆ ಹೇಳಿದ. ಆಮೇಲೆ ಕಾರ್ಡುಗಳನ್ನು ನೀಟಾಗಿ ಜೋಡಿಸಿ ನನ್ನ ಕೈಗಿಟ್ಟು, "ಇವು ನಿಂತ್ಕಂಡವೆ, ಗೊತ್ತಾಯ್ತವೆ. ಜನದ್ ಮಖ ನಿಂತ್ಕಳಲ್ಲ ಕಣೆ ಮಂಜಿ. ನಾನ್ ನೋಡೋ ಹೊತ್ಗೆ ಬೇರೇದಾಗಿರ್ತದೆ," ಅಂದ. ಅಷ್ಟು ಸರಿಯಾಗಿ ಅವನ ಕಷ್ಟವನ್ನು ಯಾವ ಡಾಕ್ಟರೂ ನನಗೆ ಹೇಳಿರಲಿಲ್ಲ. ನಾನೋ ಪಾಠ ಮುಗಿಸುವ ಆತುರದಲ್ಲಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅದೇ ಆಷಾಢದಲ್ಲಿ ಅಣ್ಣನಿಗೆ ಕೆಲಸ ಸಿಕ್ಕಿತು. ಅಪ್ಪ ಬದುವಿನ ಮೇಲಿದ್ದ ಎರಡು ಹಾಲೆ ಮರಗಳನ್ನು ಚನ್ನಪಟ್ಟಣದ ಖಾದರ್ ಸಾಬರಿಗೆ ಕೊಟ್ಟಿದ್ದರು. ಆಟಿಕೆಗೆ ಆ ಮರವೇ ಆಗಬೇಕು, ಬಿಳಿ, ಮೃದು, ಉಳಿಗೆ ಒಗ್ಗುತ್ತದೆ. ದಿಮ್ಮಿ ಇಳಿಸಲು ಜೊತೆಗೆ ಹೋಗಿದ್ದ ಅಣ್ಣ ಮರ ತಿರುಗಿಸಿ ಕಡೆಯುವ ಲೇತಿನ ಮುಂದೆ ನಿಂತವನು ಅಲ್ಲಾಡಲಿಲ್ಲವಂತೆ. "ಬಿಟ್ಟೋಗಪ್ಪ ನಿನ್ ಮಗನ್ನ. ಎರಡ್ ತಿಂಗ್ಳು ನೋಡಾನ," ಅಂದರಂತೆ ಸಾಬರು. ಕಾಯಿಲೆಯ ವಿಷಯ ಅಪ್ಪ ಮುಚ್ಚಿಡಲಿಲ್ಲ. ಸಾಬರು, "ಮಾತ್ರೆ ತಗೊತಾನಲ್ಲ? ಸಾಕು," ಅಂದರಂತೆ.

ಸಾಬರು ಕಡಿಮೆ ಮಾತಿನವರು. ಕೈ ಹಿಡಿದು ಕಲಿಸುವವರು. ಮೊದಲ ತಿಂಗಳು ತಾಳೆಗರಿ ಒತ್ತಿ ಅರಗಿಗೆ ಹೊಳಪು ಕೊಡುವುದು, ಆಮೇಲೆ ಅರಗು ಹಿಡಿಸುವುದು, ಆಮೇಲೆ ಉಳಿ. ಅಣ್ಣ ಬೇಗ ಪಳಗಿದ. ಅವನ ಬುಗುರಿಗಳ ಮೇಲೆ ಕೆಂಪು ಹಳದಿ ಪಟ್ಟೆಗಳು ಎಳೆ ಎಳೆಯಾಗಿ ಕೂರುತ್ತಿದ್ದವು. "ಅರಗು ಸುಳ್ ಹೇಳಲ್ಲ ಕಣೆ," ಅಂದ ಒಂದು ದಿನ ಬೆಳಗಿನ ಬಸ್ಸಿನಲ್ಲಿ. "ಬಿಸಿ ಸಾಲ್ದಿದ್ರೆ ಹಿಡಿಯಲ್ಲ. ಜಾಸ್ತಿ ಆದ್ರೆ ಹರೀತದೆ. ಏನ್ ಬೇಕು ಅಂತ ಅದೇ ತೋರುಸ್ತದೆ." ಕಾಯಿಲೆ ಬಂದ ಮೇಲೆ ಅವನು ತಾನಾಗಿ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂದು ಕಿಟಕಿ ಕಡೆ ತಿರುಗಿದೆ. ಅಪ್ಪನಿಗೆ ವಯಸ್ಸಾಗುತ್ತಿತ್ತು, ನಾನು ಮದುವೆಯಾಗಿ ಹೋಗುವವಳು. ಆ ಕೆಲಸವೊಂದು ಕಾಯಂ ಆದರೆ ಅಣ್ಣನ ಬದುಕಿಗೆ ದಾರಿಯಾಗುತ್ತದೆ ಎಂದು ಮನೆಯವರೆಲ್ಲ ಅದನ್ನೇ ನೆಚ್ಚಿದ್ದೆವು.

ನನ್ನ ನೇಮವೂ ಅಲ್ಲಿ ಚೆನ್ನಾಗಿ ನಡೆಯಿತು. ಮಧ್ಯಾಹ್ನ ಸಾಬರ ಹೆಂಡತಿ ಅಮೀನಾ ಬೀ ಮನೆಯಿಂದ ಸಾರು ತಂದು, "ತಗೋಪ್ಪ" ಅನ್ನುತ್ತಿದ್ದರು. ಅಣ್ಣ ಬೇಡ, ಬೇಡ, ಬೇಡ ಎಂದು ಮೂರು ಸಲ ಅನ್ನುತ್ತಿದ್ದ. ಆಕೆ ಬಿಡುವ ಪೈಕಿ ಅಲ್ಲ. ನಾಲ್ಕನೇ ಸಲ, "ಬಾಯಿ ಮುಚ್ಕೊಂಡು ತಟ್ಟೆ ಹಿಡಿ," ಎಂದು ಗದರುತ್ತಿದ್ದರು. ಅಣ್ಣ ಹಿಡಿಯುತ್ತಿದ್ದ. "ನೀನ್ ಬರ್ದಿದ್ದು ಸರಿಯಾಗೈತೆ," ಎಂದು ಮನೆಗೆ ಬಂದು ವರದಿ ಒಪ್ಪಿಸಿದ. ನಮ್ಮೂರಲ್ಲೂ ಯಾರ ಮನೆಯಲ್ಲೂ ಕೂರುವುದನ್ನು ಬಿಟ್ಟ. ದೊಡ್ಡವ್ವ, "ನಿನ್ ಮಗಳು ಪರವಾಗಿಲ್ಲ ಕಣವ್ವ," ಎಂದು ಅವ್ವನ ಮುಂದೆ ಹೊಗಳಿದರಂತೆ. ನನ್ನ ಕಾಲು ನೆಲದ ಮೇಲಿರಲಿಲ್ಲ.

ದೀಪಾವಳಿ ಕಳೆದು ಚಳಿ ಶುರುವಾದಾಗ ಮಾಗಡಿ ಕಡೆಯಿಂದ ನನಗೊಂದು ಸಂಬಂಧ ಬಂತು. ಭಾನುವಾರ ನೋಡಲು ಬರುತ್ತಾರೆಂದಾಯಿತು. ಅದರ ಹಿಂದಿನ ಗುರುವಾರ ನನಗೆ ರಜೆ, ಹೊಲಿಸಿದ ರವಿಕೆ ತರಲು ಚನ್ನಪಟ್ಟಣಕ್ಕೆ ಹೋದೆ. ಹೇಗೂ ಬಂದಿದ್ದೇನೆ, ಅಣ್ಣನನ್ನು ನೋಡಿಕೊಂಡು ಹೋಗೋಣವೆಂದು ಸಾಬರು ಕೆಲಸ ಮಾಡಿಸುತ್ತಿದ್ದ ಬೀದಿಗೆ ತಿರುಗಿದೆ. ಬಾಡಿಗೆಗಿದ್ದ ಅವರ ಕೆಲಸದ ಮನೆಗೆ ಬೀಗ ಹಾಕಿತ್ತು. ಅದರ ಮೆಟ್ಟಿಲ ಮೇಲೆ ಅಣ್ಣ ಕೂತಿದ್ದ. ತೊಡೆಯ ಮೇಲೆ ಬುತ್ತಿ ಡಬ್ಬಿ.

"ಯಾಕಣ್ಣ ಇಲ್ಲಿ ಕುಂತಿದೀಯ? ಕೆಲ್ಸ ಇಲ್ವಾ?"

"ಸಾಬ್ರು ಊರಾಚೆ ಹೊಸ ಶೆಡ್ಗೆ ಹೋದ್ರು. ಕರೆಂಟ್ ಲೇತು."

"ಯಾವಾಗ?"

"ಎಂಟ್ ದಿನ ಆಯ್ತು."

ಎಂಟು ದಿನ! ದಿನಾ ಬೆಳಿಗ್ಗೆ ನನ್ನ ಜೊತೆಗೇ ಬಸ್ಸಿನಲ್ಲಿ ಬಂದಿದ್ದ, ದಿನಾ ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಬಂದಿದ್ದ. "ನಿನ್ನ ಬೇಡ ಅಂದ್ರಾ?" ಅಂದೆ.

"ಇಲ್ಲ. ಕರದ್ರು. ಕಾಯಂ ಆಗಿ ಬಾ, ಒಂದ್ ಲೇತು ನಿಂಗೇ ಅಂದ್ರು. ಸೋಮವಾರ ಕರದ್ರು, ಬೇಡ ಅಂದೆ. ಮಂಗಳವಾರ ಕರದ್ರು, ಬೇಡ ಅಂದೆ. ಬುಧವಾರನೂ ಬೇಡ ಅಂದೆ." ಮೂರು ಬೆರಳು ಮಡಿಸಿದ ಕೈಯನ್ನು ನನ್ನ ಮುಂದೆ ಹಿಡಿದ. "ಇನ್ನೊಂದ್ ಸಲ ಕರೀಬೇಕು. ಅದ್ಕೇ ಕುಂತಿದೀನಿ."

ನಾನು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ಕರೆದವರು ಆ ಜಾಗ ಬಿಟ್ಟು ಹೋಗಿದ್ದಾರೆ, ಇನ್ನು ಯಾರು ಬಂದು ಕರೆಯುತ್ತಾರೆ ಎಂಬುದು ಅವನಿಗೆ ತೋಚಲಿಲ್ಲ ಸರಿ. ಆದರೆ ಬೇಡ ಅನ್ನುವುದನ್ನು ಬಾಯಿಪಾಠ ಮಾಡಿಸಿದವಳು ನಾನು. ಊಟಕ್ಕೆ ಕರೆಯುವುದು ಬೇರೆ, ಕೆಲಸಕ್ಕೆ ಕರೆಯುವುದು ಬೇರೆ ಎಂದು ನಾನು ಬರೆದಿರಲಿಲ್ಲ. ಏನಾದರೂ ಕೊಟ್ಟರೆ, ಕರೆದರೆ ಎಂದು ಬರೆದಿದ್ದೆ, ದಪ್ಪ ಅಕ್ಷರದಲ್ಲಿ.

ಇಬ್ಬರೂ ನಡೆದು ಆ ಹೊಸ ಶೆಡ್ಡಿಗೆ ಹೋದೆವು. ಲೇತುಗಳ ಗದ್ದಲದಲ್ಲಿ ಸಾಬರು ನಮ್ಮನ್ನು ನೋಡಿ ಹೊರಗೆ ಬಂದರು. ಅಣ್ಣನಿಗೆಂದಿದ್ದ ಲೇತಿನ ಮುಂದೆ ಬೇರೊಬ್ಬರು ಕೂತಾಗಿತ್ತು. ನಾನು ಒಂದೇ ಉಸಿರಿಗೆ ನೋಟ್‌ಬುಕ್ಕಿನ ಕತೆಯನ್ನೆಲ್ಲ ಹೇಳಿದೆ. ಸಾಬರು ಟೋಪಿ ತೆಗೆದು ತಲೆ ಸವರಿಕೊಂಡರು.

"ಮೂರ್ ಸಲ ಕೇಳ್ದೆ ಕಣಮ್ಮ. ಮೂರ್ ಸಲನೂ ಬೇಡ ಅಂದ. ಮಖ ನೋಡ್ದೆ, ಅದ್ರಲ್ಲೂ ಏನೂ ಕಾಣ್ಲಿಲ್ಲ. ನಿಮ್ ಮನೇಲಿ ಇಷ್ಟ ಇಲ್ವೇನೋ, ಒಬ್ಬ ಸಾಬ್ರ ಹತ್ರ ಮಗನ್ನ ಕಾಯಂ ಆಗಿ ಬಿಡೋಕೆ ನಿಮ್ಮಪ್ಪನ್ಗೆ ಮನ್ಸಿಲ್ವೇನೋ ಅನ್ಕೊಂಡೆ. ಅಂಥದ್ರಲ್ಲಿ ಬಲವಂತ ಮಾಡೋದೆಂಗೆ?" ಅವರ ದನಿಯಲ್ಲಿ ಎಂಟು ದಿನದ ನೋವಿತ್ತು.

ಅದು ನನಗೆ ಇನ್ನೊಂದು ಪೆಟ್ಟು. ಅಪ್ಪ ಸಾಬರನ್ನು ದೇವರಂತೆ ನೆನೆಯುತ್ತಿದ್ದರು. ಅಣ್ಣನಿಗೆ ಎದುರಿನವರ ಮನಸ್ಸು ತಿಳಿಯುವುದಿಲ್ಲ ಎಂದು ಆಸ್ಪತ್ರೆಯ ಮೇಡಮ್ಮು ಹೇಳಿದ್ದರು. ಸಾಬರಿಗೆ ಅಂಥ ಕಾಯಿಲೆ ಏನೂ ಇರಲಿಲ್ಲ. ಆದರೂ ಎಂಟು ದಿನ ನಮ್ಮ ಮನೆಯವರ ಮನಸ್ಸನ್ನು ತಪ್ಪಾಗಿ ತಿಳಿದು ನೊಂದಿದ್ದರು. ಬಾಯಿಬಿಟ್ಟು ಕೇಳಿದ್ದರೆ ಒಂದು ನಿಮಿಷದ ಮಾತಾಗಿತ್ತು. ನಾವು ಯಾರೂ ಕೇಳುವುದಿಲ್ಲ, ಊಹಿಸುತ್ತೇವೆ.

"ಈಗ್ ಕುಂತಿರೋನ್ನ ಎಬ್ಬಿಸಕ್ಕಾಗಲ್ಲ ಕಣಮ್ಮ, ಅವನ್ಗೂ ಸಂಸಾರ ಐತೆ," ಅಂದರು ಸಾಬರು. ಆಮೇಲೆ ಅಣ್ಣನ ಕಡೆ ತಿರುಗಿದರು. "ನಮ್ ಮನೆ ಜಗಲೀಲಿ ನಮ್ಮಪ್ಪನ ಕಾಲದ ಕೈಲೇತು ಐತೆ. ಹಗ್ಗ ಎಳ್ಕೊಂಡ್ ಮಾಡೋದು. ನಿಧಾನ ಆಯ್ತದೆ, ಇಲ್ಲಿನಷ್ಟು ಕೆಲ್ಸ ಹುಟ್ಟಲ್ಲ. ಗಿಲಕಿ, ಬುಗುರಿ ಅಲ್ಲಿ ಮಾಡ್ಕೊಡು. ನಾಗರಾಜ, ಬರ್ತೀಯಾ ಬೇಟಾ?"

ಅಣ್ಣ ತನ್ನ ಬೆರಳು ನೋಡಿಕೊಂಡ. ನನ್ನ ಕಡೆ ತಿರುಗಿ, "ಇದು ನಾಕ್ನೇದಲ್ವಾ?" ಅಂದ.

"ಹೂಂ ಅಣ್ಣ. ನಾಕ್ನೇದು."

"ಬತ್ತೀನಿ ಸಾಬ್ರೇ," ಅಂದ.

ಸಾಬರು ನಗುತ್ತಾ ಕಣ್ಣೊರೆಸಿಕೊಂಡರು. ನಾನು ನಗಲಿಲ್ಲ. ಕಾಯಂ ಕೆಲಸದ ಮಾತು ಅಲ್ಲಿಗೆ ಹಿಂದೆ ಬಿತ್ತು, ಇನ್ನೊಂದು ಕರೆಂಟಿನ ಲೇತಿನ ಮುಂದೆ ಅವನು ಕೂರಲು ಮತ್ತೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ನನ್ನ ತಪ್ಪಿನದು. ಇವತ್ತಿಗೂ ಅದನ್ನು ಬೇರೆಯವರ ಮೇಲೆ ಹಾಕಲು ನನಗೆ ದಾರಿ ಸಿಕ್ಕಿಲ್ಲ.

ಮನೆಗೆ ಬಂದು ಆ ನೇಮವನ್ನು ಹೊಡೆದುಹಾಕಲು ನೋಟ್‌ಬುಕ್ಕು ಕೇಳಿದೆ. "ಅದು ನಂದು," ಎಂದು ಕೊಡಲಿಲ್ಲ. ಸಂಜೆ ಅವನೇ ಪೆನ್ನು ಹಿಡಿದು ಕೂತು, ಕೊನೆಯ ಹಾಳೆಯಲ್ಲಿ ಏನೋ ಬರೆದು ತೋರಿಸಿದ. ಐಟಿಐ ಕಾಲದ ದುಂಡು ಅಕ್ಷರ: 'ಗೊತ್ತಾಗದಿದ್ದರೆ ಕೇಳಬೇಕು. ಕೇಳಿದರೆ ಮಂಜುಳ ನಿಜ ಹೇಳಬೇಕು.'

"ಎರಡ್ನೇದು ನಿಂಗೆ," ಅಂದ.

ಭಾನುವಾರ ಮಾಗಡಿಯವರು ಬಂದರು. ಹುಡುಗ ಸಂಕೋಚದವನು, ಕಾಫಿ ಲೋಟ ತೆಗೆದುಕೊಂಡವನು ಕುಡಿಯುವುದನ್ನೇ ಮರೆತ, ನನಗೆ ಅದೇ ಇಷ್ಟವಾಯಿತು. ಅವನ ತಾಯಿ ನನ್ನ ಜಡೆ ಮುಟ್ಟಿ ನೋಡಿ, ಗಲ್ಲ ಸವರಿ, ಹೊರಡು ಹೊರಡುತ್ತಲೇ ಎರಡು ಸಲ ತಿರುಗಿ ನೋಡಿದರು. ಅಣ್ಣನನ್ನು ಬಚ್ಚಿಡುವುದು ಬೇಡವೆಂದು ನಾನೇ ಹಟ ಮಾಡಿದ್ದೆ. ಅವನು ಬಂದವರಿಗೆ ಕೈಮುಗಿದು, ಕೇಳಿದ್ದಕ್ಕೆ, "ಮಾತ್ರೆ ತಗೊತೀನಿ, ಆಟಿಕೆ ಮಾಡ್ತೀನಿ," ಅಂದ. ಆ ತಾಯಿ ಅದಕ್ಕೂ ನಕ್ಕರು. ಆ ನಗುವನ್ನು ನೋಡಿ ಇದು ಆದಂತೆಯೇ ಎಂದು ನಾನು ಓದಿಕೊಂಡೆ. ಮಾರನೇ ದಿನ ಲೈನಿನ ಹುಡುಗಿಯರಿಗೂ ಹೇಳಿಬಿಟ್ಟೆ. ಎರಡು ವಾರ ಬಿಟ್ಟು ಜಾತಕ ಕೂಡಲಿಲ್ಲವೆಂದು ಹೇಳಿಕಳಿಸಿದರು. ನನ್ನ ಜಾತಕವನ್ನು ಅವರು ಕೇಳಿಯೇ ಇರಲಿಲ್ಲ. ನಿಜವಾದ ಕಾರಣ ಏನೆಂದು ಎಲ್ಲರಿಗೂ ಗೊತ್ತಿತ್ತು, ಅಣ್ಣನೊಬ್ಬನನ್ನು ಬಿಟ್ಟು.

ನಾನು ಏನೂ ಆಗಿಲ್ಲವೆಂಬಂತೆ ಓಡಾಡಿದೆ. "ಮಂಜಿ ಗಟ್ಟಿಗಿತ್ತಿ," ಅಂದಳು ಅವ್ವ. ಅಪ್ಪ ಮಾತೇ ಎತ್ತಲಿಲ್ಲ. ಮನೆಯಲ್ಲಿ ಊಟದ ಹೊತ್ತಿನಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಕಾರ್ಖಾನೆಯಲ್ಲೂ ಹುಡುಗಿಯರು ಕೇಳಲಿಲ್ಲ, ಕೇಳಿದರೆ ನೋವಾಗುತ್ತದೆಂದು. ಎಲ್ಲರಿಗೂ ಮುಖ ಓದಲು ಬರುತ್ತಿತ್ತಲ್ಲ, ಓದಿ ಸುಮ್ಮನಾದರು.

ಸುದ್ದಿ ಬಂದ ಮೇಲಿನ ಸೋಮವಾರ ಬೆಳಿಗ್ಗೆ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ನಾನು ಕಂಪನಿ ಬಸ್ಸಿಗೆ ಕಾಯುತ್ತಿದ್ದೆ. ಸಾಬರ ಮನೆಗೆ ಹೊರಟಿದ್ದ ಅಣ್ಣ ನಾಲ್ಕು ಹೆಜ್ಜೆ ಹೋಗಿ ವಾಪಸ್ಸು ಬಂದ. ನನ್ನ ಮುಖವನ್ನು ಹತ್ತಿರದಿಂದ, ಅರಗು ಹಿಡಿದಿದೆಯೋ ಇಲ್ಲವೋ ಎಂದು ಬುಗುರಿ ನೋಡುವ ಹಾಗೆ ನೋಡಿದ.

"ನಂಗ್ ಗೊತ್ತಾಯ್ತಾ ಇಲ್ಲ. ಇದು ಸುಸ್ತಾಗಿರೋ ಮಖನಾ, ಅಳೋ ಮಖನಾ?"

"ಏನಿಲ್ಲ ಹೋಗಣ್ಣ," ಅಂದೆ.

ಮಂಗಳವಾರ ಮತ್ತೆ ಕೇಳಿದ. ಏನಿಲ್ಲ ಅಂದೆ. ಬುಧವಾರ ಕೇಳಿದಾಗ, "ಏನಿಲ್ಲ ಅಂತ ಎಷ್ಟ್ ಸಲ ಹೇಳ್ಬೇಕು?" ಎಂದು ಜನರೆದುರೇ ರೇಗಿದೆ. ಅವನು ಬೆರಳು ಮಡಿಸಿಕೊಂಡು ಹೋದ. ಅದನ್ನು ನಾನು ಗಮನಿಸಿದ್ದು ಬಸ್ಸು ಹತ್ತಿ ಕೂತ ಮೇಲೆ.

ಗುರುವಾರ ನನಗೆ ರಜೆ. ಆದರೂ ಮನೆಯಲ್ಲಿ ಇರಲಾರದೆ ಅವನ ಜೊತೆ ಬಸ್ಸು ಹತ್ತಿ ಬಂದು, ಸಾಬರ ಜಗಲಿಯಲ್ಲಿ ಕೂತು, ಅವನು ಹಗ್ಗ ಎಳೆಯುವುದನ್ನೇ ನೋಡುತ್ತಿದ್ದೆ. ಊಟದ ಹೊತ್ತಿಗೆ ಕೈ ತೊಳೆದು ಬಂದವನು ಡಬ್ಬಿ ಬಿಚ್ಚಲಿಲ್ಲ.

"ಮಂಜಿ, ಅಳೋ ಮಖನಾ?" ಅಂದ.

ನಾಲ್ಕನೇ ಸಲ. ನನಗೆ ತಡೆಯಲಾಗಲಿಲ್ಲ. ಅಮೀನಾ ಬೀ ಒಳಗಿನಿಂದ ಓಡಿಬರುವಷ್ಟು ಅತ್ತೆ. ಅಣ್ಣ ಗಾಬರಿಯಾಗಲಿಲ್ಲ, ಉತ್ತರಕ್ಕೆ ಕಾದ. ಆ ಹುಡುಗ ನಂಗಿಷ್ಟ ಆಗಿದ್ದ ಅಂದೆ. ಜಾತಕ ಎಲ್ಲ ಸುಳ್ಳು ಅಂದೆ.

"ನನ್ನಿಂದ ಬೇಡ ಅಂದ್ರಾ?"

ಅಲ್ಲ ಅನ್ನಲು ಬಾಯಿ ತೆರೆದೆ. ನನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನುತ್ತಿದ್ದರು. ಅವನ ನೋಟ್‌ಬುಕ್ಕಿನ ಕೊನೆಯ ಹಾಳೆ ಅಡ್ಡ ಬಂತು.

"ಹೂಂ ಅಣ್ಣ. ಅವರ್ಗೆ ನಿನ್ ಕಾಯ್ಲೆ ಅಂದ್ರೆ ಭಯ. ನಿನ್ ತಪ್ಪೇನಿಲ್ಲ. ಅವರ್ಗೆ ಗೊತ್ತಿಲ್ಲ ಅಷ್ಟೆ."

ಅವನು ಲೇತಿನ ಹಗ್ಗವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ನಾನು ಹೇಳಬಾರದಿತ್ತೇನೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಕೂತೆ. ಕೊನೆಗೆ, "ಅಪ್ಪ, ಅವ್ವ, ನೀನು, ಯಾರೂ ನನ್ ಮಖ ನೋಡ್ತಿರ್ಲಿಲ್ಲ. ನನ್ ಮೇಲೆ ಕೋಪ ಅನ್ಕಂಡಿದ್ದೆ. ಕೋಪ ಅಲ್ವಾ?" ಅಂದ.

"ಅಲ್ಲ ಕಣಣ್ಣ. ದುಃಖ."

"ಎಲ್ಲಾರ್ಗೂ?"

"ಎಲ್ಲಾರ್ಗೂ."

"ಹಂಗಾದ್ರೆ ಸರಿ," ಎಂದು ಡಬ್ಬಿ ಬಿಚ್ಚಿ, ಮುದ್ದೆ ಮುರಿದು ಅರ್ಧ ನನ್ನ ಕಡೆ ತಳ್ಳಿದ. ನಾವು ಅವನ ಮನಸ್ಸು ನೋಯದಿರಲಿ ಎಂದು ಮುಖ ತಿರುಗಿಸಿಕೊಂಡಿದ್ದ ಅಷ್ಟೂ ದಿನ ಅವನು ಎಲ್ಲರ ಕೋಪವನ್ನು ಒಬ್ಬನೇ ಹೊತ್ತುಕೊಂಡು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬಂದಿದ್ದ.

ಮೂರು ವರ್ಷ ಬಿಟ್ಟು ಕನಕಪುರದ ಕಡೆ ನನ್ನ ಮದುವೆಯಾಯಿತು. ಅಣ್ಣನ ಬಗ್ಗೆ ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದೆ, ಅವರೂ ಬಾಯಿಬಿಟ್ಟು ಕೇಳಿದ್ದರು. ಕಾಯಿಲೆ ವಾಸಿಯಾಯಿತು ಎಂದು ನಾನೀಗ ಅನ್ನುವುದಿಲ್ಲ. ಮಾತ್ರೆ ಇದೆ, ನಲ್ಲಿಯ ಹೆಂಗಸರ ನಗು ಈಗಲೂ ಅವನಿಗೆ ಚುಚ್ಚುತ್ತದೆ. ಸಾಬರು ತೀರಿಕೊಂಡ ಮೇಲೆ ಅವರ ಲೇತನ್ನು ಅವನೇ ನೋಡಿಕೊಳ್ಳುತ್ತಿದ್ದಾನೆ.

ಕಳೆದ ವಾರ ಅವನು ಟೀ ಕುಡಿದು ಮುಗಿಸುವವರೆಗೂ ನಾನು ಇನ್ನೊಂದು ಸಲ ಕೇಳುತ್ತಾನೇನೋ ಎಂದು ಕಾದೆ. ಕೇಳಲಿಲ್ಲ.

"ಅಣ್ಣ, ನಂಗೂ ಟೀ ಬೇಕು," ಅಂದೆ.

ಅವನು ಲೋಟ ಕೆಳಗಿಟ್ಟು ನನ್ನನ್ನು ನೋಡಿದ. "ಮೊದ್ಲೇ ಹೇಳಕ್ಕಾಗಲ್ವಾ?" ಎಂದು ಎದ್ದು ಒಳಗೆ ಹೋದ.